ಆತ್ಮವಿಶ್ವಾಸದ ಉದಯ: ಉತ್ತರಕುಮಾರನ ಪ್ರಸಂಗ

(ಶಾಖಾಮಠದ ವಾರ್ಷಿಕೋತ್ಸವದ ಜ್ಞಾನಸತ್ರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು ಕನ್ನಡಿಗರೆಲ್ಲರೂ ಬಲ್ಲ ಗಾದೆ. ಮನೆಯೊಳಗೆ ಕುಳಿತು ಬಡಾಯಿ ಕೊಚ್ಚಿ, ಕೆಲಸದ ಹೊತ್ತಿಗೆ ಕಾಲಿಗೆ ಬುದ್ಧಿ ಹೇಳುವವರನ್ನು ಕುರಿತು ಹಿರಿಯರು ಆಡುವ ಮಾತಿದು. ವಿರಾಟರಾಜನ ಮಗನಿಗೆ ಈ ಗಾದೆಯಿಂದ ಅಂಟಿದ ಅಪಕೀರ್ತಿ ಇಂದಿಗೂ ಅಳಿದಿಲ್ಲ. ಆದರೆ ಗಾದೆಯು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಒಲೆಯ ಮುಂದೆ ಪೌರುಷ ಕೊಚ್ಚಿದ ಆ ತರುಣನೇ ಅದೇ ದಿನ ಭೀಷ್ಮ, ದ್ರೋಣ, ಕೃಪ, ಕರ್ಣರ ಎದುರಿಗೆ ರಥವನ್ನು ನಡೆಸಿದನು. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆಯನ್ನೇರಿ ಶಲ್ಯನ ಮೇಲೆ ನುಗ್ಗಿ, ಅವನ ರಥದ ನಾಲ್ಕು ಕುದುರೆಗಳನ್ನು ಕೆಡವಿ, ಶಲ್ಯನ ಶಕ್ತ್ಯಾಯುಧಕ್ಕೆ ಎದೆಯೊಡ್ಡಿ ವೀರಸ್ವರ್ಗವನ್ನು ಪಡೆದನು. ಓಡಿದವನೇ ನಿಂತದ್ದು ಹೇಗೆ? ತನ್ನಿಂದ ಈ ಕೆಲಸ ಸಾಧ್ಯ ಎಂಬ ನಂಬಿಕೆಯು ಮನುಷ್ಯನಲ್ಲಿ ಎಲ್ಲಿಂದ ಹುಟ್ಟುತ್ತದೆ? ಇದೇ ಇಂದಿನ ಚಿಂತನೆಯ ವಿಷಯ.

ಮಹಾಭಾರತದ ವಿರಾಟಪರ್ವದ ಸಂದರ್ಭವನ್ನು ಒಮ್ಮೆ ಸ್ಮರಿಸಬೇಕು. ತ್ರಿಗರ್ತರಾಜನಾದ ಸುಶರ್ಮನು ಒಂದು ದಿಕ್ಕಿನಲ್ಲಿ ಗೋವುಗಳನ್ನು ಹಿಡಿದನು. ಅವನನ್ನೆದುರಿಸಲು ವಿರಾಟನು ಸೈನ್ಯಸಮೇತನಾಗಿ ಹೊರಟನು. ಆಗ ಕೌರವರು ಇನ್ನೊಂದು ದಿಕ್ಕಿನಲ್ಲಿ ಗೋಗ್ರಹಣ ಮಾಡಿದರು. ಗೋಪಾಲಕರ ಮುಖಂಡನು ಓಡಿಬಂದು ಸುದ್ದಿ ತಿಳಿಸಿದಾಗ ಅರಮನೆಯಲ್ಲಿದ್ದವನು ಉತ್ತರನೊಬ್ಬನೇ. ಅಂತಃಪುರದ ಸ್ತ್ರೀಯರ ನಡುವೆ ಕುಳಿತಿದ್ದ ಅವನು, ತಕ್ಕ ಸಾರಥಿಯೊಬ್ಬನಿದ್ದರೆ ಸಾಕು, ಕೌರವಸೇನೆಯನ್ನೆಲ್ಲ ಗೆದ್ದು ಬರುವೆನೆಂದು ಘೋಷಿಸಿದನು. ಸೈರಂಧ್ರಿಯ ಸೂಚನೆಯಂತೆ ನಾಟ್ಯಗುರುವಾದ ಬೃಹನ್ನಳೆಯು ಸಾರಥಿಯಾಗಿ ಬಂದಳು. ಬೊಂಬೆಗಳಿಗಾಗಿ ಚೆಲುವಾದ ಬಟ್ಟೆಗಳನ್ನು ತರಬೇಕೆಂದು ಕನ್ಯೆಯರು ಕೇಳಿಕೊಂಡರು. ರಥವು ಹೊರಟಿತು.

ಸಾಗರದಂತೆ ಹಬ್ಬಿದ್ದ ಸೇನೆ ಕಣ್ಣಿಗೆ ಬಿದ್ದೊಡನೆ ಉತ್ತರನ ಮೈ ನವಿರೆದ್ದಿತು. ಬಿಲ್ಲನ್ನೂ ಮಾನವನ್ನೂ ಬಿಟ್ಟು ರಥದಿಂದ ಧುಮುಕಿ ಓಡತೊಡಗಿದನು. ಹಾಗಾದರೆ ಅಂತಃಪುರದಲ್ಲಿ ಅವನು ಆಡಿದ್ದು ಆತ್ಮವಿಶ್ವಾಸದ ಮಾತಲ್ಲವೇ? ಅಲ್ಲ. ಆ ಮಾತಿನ ಹಿಂದೆ ಅಂಥ ಸೇನೆಯನ್ನು ಎದುರಿಸಿದ ಅನುಭವದ ಆಧಾರವಿರಲಿಲ್ಲ. ಆಧಾರವಿಲ್ಲದ ಭರವಸೆಯು ಮೊದಲ ಪೆಟ್ಟಿಗೇ ಭಯವಾಗಿ ಮಾರ್ಪಡುತ್ತದೆ. ಬಡಾಯಿಯೂ ಹೇಡಿತನವೂ ಬೇರೆ ಬೇರೆ ರೋಗಗಳಲ್ಲ. ಅನುಭವದ ಅಭಾವವೆಂಬ ಒಂದೇ ರೋಗದ ಎರಡು ಲಕ್ಷಣಗಳು.

ಓಡುತ್ತಿದ್ದವನನ್ನು ಅರ್ಜುನನು ಬೆನ್ನಟ್ಟಿ ಹಿಡಿದನು. ಬಿಟ್ಟುಬಿಡು, ಚಿನ್ನ ಕೊಡುವೆ, ಆನೆ ಕುದುರೆ ಕೊಡುವೆ ಎಂದು ಉತ್ತರನು ಅಂಗಲಾಚಿದನು. ಈ ಗಳಿಗೆಯಲ್ಲಿ ಅರ್ಜುನನು ಮಾಡಿದ್ದೇನು ಎಂಬುದನ್ನು ತಂದೆತಾಯಂದಿರೂ ಗುರುಗಳೂ ಗಮನಿಸಬೇಕು. ನಿನ್ನಿಂದ ಏನೂ ಆಗದು ಎಂದು ಅವನನ್ನು ಅರಮನೆಗೆ ಅಟ್ಟಲಿಲ್ಲ. ನೀನು ಮಹಾವೀರ, ಹೋಗಿ ಹೋರಾಡು ಎಂದು ಹೊಗಳಿ ಶತ್ರುಗಳ ಬಾಯಿಗೂ ನೂಕಲಿಲ್ಲ. ಯುದ್ಧ ಮಾಡಲಾಗದಿದ್ದರೆ ಬೇಡ, ಅದನ್ನು ತಾನು ನೋಡಿಕೊಳ್ಳುವೆನು. ನೀನು ಕುದುರೆಗಳನ್ನು ನಡೆಸು ಎಂದನು. ಬಿಲ್ಲು ಹೊರಲಾರದ ಕೈಗೆ ವಾಘೆಯನ್ನು ಕೊಟ್ಟನು. ಈ ಪ್ರಸಂಗದ ಸಾರವೆಲ್ಲ ಅಡಗಿರುವುದು ಈ ಒಂದು ಕ್ರಿಯೆಯಲ್ಲಿ.

ಇದೇ ಪ್ರಶ್ನೆಯನ್ನು ಆಧುನಿಕ ಮನಶ್ಶಾಸ್ತ್ರದಲ್ಲಿ ಜೀವಮಾನವಿಡೀ ಬೆನ್ನುಹತ್ತಿದ ವಿದ್ವಾಂಸರು ಆಲ್ಬರ್ಟ್ ಬಂಡೂರ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಮಂಡೇರ್ ಎಂಬ ಚಿಕ್ಕ ಊರಿನಲ್ಲಿ 1925ರಲ್ಲಿ ಜನಿಸಿದರು. ಪೂರ್ವ ಯೂರೋಪಿನಿಂದ ವಲಸೆ ಬಂದ ಕುಟುಂಬ ಅವರದು. ಊರಿನ ಶಾಲೆಯಲ್ಲಿ ಪ್ರೌಢ ತರಗತಿಗಳ ಎಲ್ಲ ವಿಷಯಗಳಿಗೂ ಇದ್ದವರು ಇಬ್ಬರೇ ಶಿಕ್ಷಕರು. ಮಿಕ್ಕದ್ದನ್ನು ವಿದ್ಯಾರ್ಥಿಗಳು ತಾವೇ ಓದಿ ಕಲಿಯಬೇಕಾಗಿತ್ತು. 1953ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದ ಅವರು 2021ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು. ಒಂದು ನಿರ್ದಿಷ್ಟ ಕಾರ್ಯವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯು ಹೇಗೆ ಹುಟ್ಟುತ್ತದೆ, ಅದು ಮನುಷ್ಯನ ಪ್ರಯತ್ನವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಪ್ರತಿಪಾದಿಸಿದ ಅವರ ಪ್ರಸಿದ್ಧ ಪ್ರಬಂಧವು 1977ರಲ್ಲಿ ಪ್ರಕಟವಾಯಿತು. 1997ರಲ್ಲಿ ಇದೇ ವಿಷಯದ ಮೇಲೆ ಬೃಹದ್ಗ್ರಂಥವೊಂದನ್ನು ಹೊರತಂದರು.

ಬಂಡೂರರ ಗಮನವು ಈ ವಿಷಯದತ್ತ ಹರಿಯಲು ಕಾರಣವಾದದ್ದು ಹಾವಿನ ಭಯ. ಹಾವನ್ನು ನೆನೆದರೂ ನಡುಗುವ, ಆ ಭಯದಿಂದಲೇ ಹುಲ್ಲುಗಾವಲಿನಲ್ಲಿ ತಿರುಗಾಡುವುದನ್ನೂ ತೋಟದ ಕೆಲಸವನ್ನೂ ಬಿಟ್ಟವರನ್ನು ಗುಣಪಡಿಸುವ ಹಲವು ವಿಧಾನಗಳನ್ನು ಅವರೂ ಅವರ ಸಹೋದ್ಯೋಗಿಗಳೂ ಹೋಲಿಸಿ ನೋಡಿ 1969ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಒಂದು ಗುಂಪಿಗೆ ಚಲನಚಿತ್ರವನ್ನು ತೋರಿಸಿದರು. ಇನ್ನೊಂದು ಗುಂಪಿಗೆ ಮೈಯನ್ನು ಸಡಿಲಗೊಳಿಸಿಕೊಂಡು ಹಾವನ್ನು ಕಲ್ಪಿಸಿಕೊಳ್ಳುವ ಅಭ್ಯಾಸವನ್ನು ಮಾಡಿಸಿದರು. ಮತ್ತೊಂದು ಗುಂಪಿನವರು ಮೊದಲು ಗಾಜಿನ ಆಚೆಗೆ ಚಿಕಿತ್ಸಕನು ವಿಷರಹಿತವಾದ ಹಾವನ್ನು ಹಿಡಿಯುವುದನ್ನು ನೋಡಿದರು, ಅನಂತರ ಅದೇ ಕೋಣೆಯೊಳಗೆ ಬಂದರು, ಆಮೇಲೆ ಚಿಕಿತ್ಸಕನು ಹಿಡಿದಿರುವಾಗಲೇ ಕೈಗವಸು ತೊಟ್ಟು ಮುಟ್ಟಿದರು, ಬರಿಗೈಯಿಂದ ಮುಟ್ಟಿದರು, ಕೊನೆಗೆ ತಾವೇ ಹಿಡಿದರು. ಎಲ್ಲರಿಗಿಂತ ಹೆಚ್ಚು ಗುಣ ಕಂಡವರು ಈ ಮೂರನೆಯ ಗುಂಪಿನವರು. ಬಂಡೂರರನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ಜೀವನಪೂರ್ತಿ ಕಾಡಿದ ಭಯವನ್ನು ಗೆದ್ದವರು ಬಾಳಿನ ಬೇರೆ ಕ್ಷೇತ್ರಗಳಲ್ಲಿಯೂ ಹಿಂಜರಿಯದೆ ಮುಂದುವರಿಯತೊಡಗಿದ್ದರು. ಗುಣವಾದದ್ದು ಹಾವಿನ ಭಯ ಮಾತ್ರವಾಗಿರಲಿಲ್ಲ. ತಮ್ಮ ಬಗೆಗೆ ತಮಗಿದ್ದ ಅಭಿಪ್ರಾಯವೇ ಬದಲಾಗಿತ್ತು.

ಗಾಜಿನ ಆಚೆಯಿಂದ ಬರಿಗೈವರೆಗಿನ ಈ ಮೆಟ್ಟಿಲುಗಳಿಗೂ ಅರ್ಜುನನು ಉತ್ತರನನ್ನು ನಡೆಸಿದ ಮೆಟ್ಟಿಲುಗಳಿಗೂ ಇರುವ ಹೋಲಿಕೆಯನ್ನು ಬೇರೆ ಹೇಳಬೇಕಾಗಿಲ್ಲ. ಮೊದಲು ವಾಘೆ. ಅನಂತರ ಶಮೀವೃಕ್ಷವನ್ನೇರಿ ಆಯುಧಗಳನ್ನಿಳಿಸುವ ಕೆಲಸ. ಮರದಲ್ಲಿ ಶವ ಕಟ್ಟಿದೆಯೆಂದು ಹಿಂಜರಿದವನು ಅರ್ಜುನನ ಆಶ್ವಾಸನದಿಂದ ಏರಿದನು, ಇಳಿಸಿದನು, ಕಟ್ಟು ಬಿಚ್ಚಿದನು. ಆಮೇಲೆಯೇ ರಣರಂಗ.

ಸ್ವಸಾಮರ್ಥ್ಯದ ನಂಬಿಕೆಗೆ ನಾಲ್ಕು ಮೂಲಗಳಿವೆಯೆಂದು ಬಂಡೂರರು ಪ್ರತಿಪಾದಿಸಿದರು. ತಾನೇ ಮಾಡಿ ಗೆದ್ದ ಅನುಭವವು ಮೊದಲನೆಯದು, ಎಲ್ಲಕ್ಕಿಂತ ಪ್ರಬಲವಾದುದು. ತನ್ನಂಥವರು ಮಾಡಿ ಗೆದ್ದುದನ್ನು ಕಾಣುವುದು ಎರಡನೆಯದು. ನಂಬಿಕೆಗೆ ಅರ್ಹರಾದವರ ಪ್ರೋತ್ಸಾಹದ ನುಡಿ ಮೂರನೆಯದು. ತನ್ನ ದೇಹ ಮನಸ್ಸುಗಳ ಸ್ಥಿತಿಯನ್ನು ತಾನು ಅರ್ಥೈಸಿಕೊಳ್ಳುವ ರೀತಿ ನಾಲ್ಕನೆಯದು. ಒಂದೊಂದನ್ನೂ ಗೃಹಸ್ಥರ ದೈನಂದಿನ ಜೀವನಕ್ಕೆ ಅನ್ವಯಿಸಿ ನೋಡುವುದು ಉಚಿತ.

ಮೊದಲನೆಯದಾದ ಗೆಲುವಿನ ಅನುಭವವನ್ನು ಒದಗಿಸುವುದು ಹೇಗೆ? ಬಂಡೂರ ಮತ್ತು ಡೇಲ್ ಶಂಕ್ ಅವರು 1981ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಗಣಿತದಲ್ಲಿ ಹಿಂದುಳಿದು, ಆಸಕ್ತಿಯನ್ನೂ ಕಳೆದುಕೊಂಡಿದ್ದ ಮಕ್ಕಳಿಗೆ ಕಳೆಯುವ ಲೆಕ್ಕಗಳ 42 ಪುಟಗಳನ್ನು ಕೊಟ್ಟು, ಏಳು ಅವಧಿಗಳಲ್ಲಿ ತಾವೇ ಕಲಿಯಲು ಬಿಟ್ಟರು. ಕೆಲವರಿಗೆ ಪ್ರತಿ ಅವಧಿಯಲ್ಲಿಯೂ ಆರು ಪುಟಗಳ ಗುರಿಯನ್ನು ಸೂಚಿಸಿದರು. ಕೆಲವರಿಗೆ ಏಳನೆಯ ಅವಧಿಯ ಕೊನೆಗೆ 42 ಪುಟಗಳನ್ನೂ ಮುಗಿಸಬೇಕೆಂಬ ಗುರಿಯನ್ನು ಸೂಚಿಸಿದರು. ಇನ್ನು ಕೆಲವರಿಗೆ ಗುರಿಯನ್ನೇ ಹೇಳಲಿಲ್ಲ. ಆರೇಳಲಿ ನಲವತ್ತೆರಡು, ಎರಡು ಗುಂಪುಗಳಿಗೂ ಭಾರ ಒಂದೇ. ಆದರೂ ಆರಾರು ಪುಟಗಳ ಗುರಿ ಹಿಡಿದ ಮಕ್ಕಳು ಲೆಕ್ಕದಲ್ಲಿಯೂ ಮುಂದೆ ಬಂದರು, ತಮ್ಮ ಸಾಮರ್ಥ್ಯದಲ್ಲಿ ನಂಬಿಕೆಯನ್ನೂ ಪಡೆದರು. ಹಿಂದೆ ಬೇಸರ ಹುಟ್ಟಿಸಿದ್ದ ಲೆಕ್ಕದಲ್ಲಿ ರುಚಿಯೂ ಹುಟ್ಟಿತು. ದೂರದ ಗುರಿ ಹಿಡಿದವರಿಗೆ ಗುರಿಯೇ ಇಲ್ಲದವರಿಗಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ.

ವೇದಪಾಠಶಾಲೆಗಳ ಸಂಥೆಯ ಕ್ರಮವನ್ನು ಬಲ್ಲವರಿಗೆ ಇದು ಹೊಸತೆನಿಸದು. ಇಡೀ ಸೂಕ್ತವನ್ನು ನಾಳೆಗೆ ಒಪ್ಪಿಸೆಂದು ಗುರುಗಳು ಹೇಳುವುದಿಲ್ಲ. ಒಂದು ತುಣುಕನ್ನು ಹೇಳಿಕೊಡುತ್ತಾರೆ. ಶಿಷ್ಯನು ಮತ್ತೆ ಮತ್ತೆ ಹೇಳುತ್ತಾನೆ. ಸ್ವರ ತಪ್ಪಿದರೆ ಅಲ್ಲಿಯೇ ತಿದ್ದಿ, ನಿಂತ ಮೇಲೆಯೇ ಮುಂದಿನ ತುಣುಕು. ಎಂಟು ಹತ್ತು ವರ್ಷದ ವಟುವು ಗಂಟೆಗಟ್ಟಲೆ ಕಂಠಸ್ಥವಾಗಿ ಹೇಳುವಾಗ ಕೇಳುವವರು ಬೆರಗಾಗುತ್ತಾರೆ. ಅವನು ಬೆರಗಾಗುವುದಿಲ್ಲ. ಏಕೆಂದರೆ ದಿನದಿನದ ಸಣ್ಣ ಗೆಲುವುಗಳನ್ನು ಅವನು ಬಲ್ಲನು.

ಎರಡನೆಯ ಮೂಲ ಮೇಲ್ಪಂಕ್ತಿ. 1985ರಲ್ಲಿ ಶಂಕ್ ಮತ್ತು ಹ್ಯಾನ್ಸನ್ ಅವರು ನಡೆಸಿದ ಅಧ್ಯಯನದಲ್ಲಿ ಕಳೆಯುವ ಲೆಕ್ಕ ಬಾರದ ಮಕ್ಕಳಲ್ಲಿ ಕೆಲವರಿಗೆ ಶಿಕ್ಷಕರು ಲೆಕ್ಕ ಮಾಡುವ ದೃಶ್ಯವನ್ನೂ ಕೆಲವರಿಗೆ ಓರಗೆಯ ಮಕ್ಕಳು ಲೆಕ್ಕ ಕಲಿಯುವ ದೃಶ್ಯವನ್ನೂ ತೋರಿಸಿದರು. ಓರಗೆಯವರನ್ನು ಕಂಡ ಮಕ್ಕಳಿಗೇ ಹೆಚ್ಚು ಧೈರ್ಯ ಬಂದಿತು, ಕಲಿಕೆಯೂ ಹೆಚ್ಚಿತು. ತನ್ನಂಥವನಿಗೆ ಸಾಧ್ಯವಾದದ್ದು ತನಗೂ ಸಾಧ್ಯವೆಂಬುದು ಸಹಜವಾದ ತರ್ಕ. ಇಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಪಕ್ಕದ ಮನೆಯ ಹುಡುಗನ ಅಂಕಪಟ್ಟಿಯನ್ನು ಹಿಡಿದು ಮಗನನ್ನು ಹೀಯಾಳಿಸುವ ತಂದೆಯೂ ಮೇಲ್ಪಂಕ್ತಿಯನ್ನೇ ತೋರಿಸುತ್ತಿರುವೆನೆಂದು ಭಾವಿಸುತ್ತಾನೆ. ಆದರೆ ಆ ಹುಡುಗನು ಎಲ್ಲಿ ತಡವರಿಸಿದನು, ಹೇಗೆ ತಿದ್ದಿಕೊಂಡನು ಎಂಬುದು ಮಗನಿಗೆ ಕಾಣುವುದಿಲ್ಲ. ಕಾಣುವುದು ಅಂಕಗಳು ಮಾತ್ರ. ದಾರಿಯನ್ನು ತೋರಿಸದೆ ಶಿಖರವನ್ನಷ್ಟೇ ತೋರಿಸಿದರೆ ಹುಟ್ಟುವುದು ಉತ್ಸಾಹವಲ್ಲ, ನಿರಾಶೆ. ಗಣಿತದಲ್ಲಿ ತಾನೂ ಒಮ್ಮೆ ಅನುತ್ತೀರ್ಣನಾಗಿದ್ದೆನೆಂದು ಹೇಳಿ, ಮರಳಿ ಹೇಗೆ ಓದಿದೆನೆಂದು ತಿಳಿಸುವ ತಂದೆಯೇ ಮಗನಿಗೆ ಹೆಚ್ಚಿನ ಉಪಕಾರ ಮಾಡುತ್ತಾನೆ.

ಮೂರನೆಯದು ಪ್ರೋತ್ಸಾಹದ ನುಡಿ. ಬರಿಯ ಹೊಗಳಿಕೆಯಿಂದ ಹುಟ್ಟಿದ ನಂಬಿಕೆಯು ಸೋಲಿನ ಬಿಸಿಲಿಗೆ ಬಾಡುತ್ತದೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಐದನೆಯ ತರಗತಿಯ ಮಕ್ಕಳು ಸಮಸ್ಯೆಗಳನ್ನು ಬಿಡಿಸಿದಾಗ ಕೆಲವರ ಬುದ್ಧಿಯನ್ನೂ ಕೆಲವರ ಶ್ರಮವನ್ನೂ ಹೊಗಳಲಾಯಿತು. ಅನಂತರ ಕಠಿಣವಾದ ಸಮಸ್ಯೆಗಳನ್ನು ಕೊಟ್ಟು ಎಲ್ಲರೂ ಎಡವುವಂತೆ ಮಾಡಲಾಯಿತು. ಬುದ್ಧಿವಂತರೆನಿಸಿಕೊಂಡ ಮಕ್ಕಳು ಬೇಗನೆ ಕೈಚೆಲ್ಲಿದರು. ತಮ್ಮ ಅಂಕಗಳನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಅವರಲ್ಲಿಯೇ ಹೆಚ್ಚು. ಹೊಗಳಿಕೆಯ ರೀತಿಯೊಂದೇ ಮಕ್ಕಳ ಭವಿಷ್ಯವನ್ನು ತಿದ್ದುತ್ತದೆಂದು ಇದರಿಂದ ತಿಳಿಯಬಾರದು. ಈ ವಿಚಾರಧಾರೆಯನ್ನು ಆಧರಿಸಿ ಶಾಲೆಗಳಲ್ಲಿ ನಡೆದ ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಪರಿಣಾಮವು ಸಾಧಾರಣವಾಗಿಯೇ ಕಂಡುಬಂದಿದೆ. ಆದರೆ ಮನೆಯ ಅನುಭವವೂ ಇದನ್ನೇ ಹೇಳುತ್ತದೆ. ನೀನು ಜಾಣ ಎಂಬ ಮಾತು ಮಗುವಿಗೆ ಕಾಯಬೇಕಾದ ಕಿರೀಟವಾಗುತ್ತದೆ. ಈ ಹೆಜ್ಜೆಯನ್ನು ಸರಿಯಾಗಿ ಮಾಡಿದೆ, ಇಲ್ಲಿ ತಪ್ಪಿತು, ಇನ್ನೊಮ್ಮೆ ನೋಡು ಎಂಬ ಮಾತು ಕೈಹಿಡಿದು ನಡೆಸುವ ದೀಪವಾಗುತ್ತದೆ. ಅರ್ಜುನನೂ ಬರಿಯ ಸಮಾಧಾನ ಹೇಳಲಿಲ್ಲ. ಉತ್ತರನು ಸಂಶಯಪಟ್ಟು ಕೇಳಿದಾಗ ತನ್ನ ಹತ್ತು ಹೆಸರುಗಳನ್ನೂ ಅವುಗಳ ಕಾರಣಗಳನ್ನೂ ವಿವರಿಸಿದನು. ಧೈರ್ಯ ಹೇಳುವವನ ಮಾತಿಗೆ ಪ್ರಮಾಣವಿರಬೇಕು.

ನಾಲ್ಕನೆಯದು ದೇಹದ ಮಾತು. ಅರ್ಜುನನು ಶಂಖವನ್ನೂದಿದಾಗ ಕುದುರೆಗಳು ಮೊಣಕಾಲೂರಿದವು. ಉತ್ತರನು ಭಯದಿಂದ ರಥದಲ್ಲಿಯೇ ಕುಸಿದು ಕುಳಿತನು. ಅರ್ಜುನನು ತಾನೇ ವಾಘೆಯನ್ನೆಳೆದು ಕುದುರೆಗಳನ್ನು ನಿಲ್ಲಿಸಿ, ಉತ್ತರನನ್ನು ಅಪ್ಪಿಕೊಂಡು ಸಂತೈಸಿದನು. ಯುದ್ಧದ ನಡುವೆಯೂ ಒಮ್ಮೆ, ತಲೆ ಸುತ್ತುತ್ತಿದೆ, ಕುದುರೆಗಳನ್ನು ಹಿಡಿಯಲಾರೆನೆಂದು ಉತ್ತರನು ಹೇಳಿದ್ದುಂಟು. ಆಗಲೂ ಅರ್ಜುನನು ಗದರಿಸಲಿಲ್ಲ. ಧೈರ್ಯ ಹೇಳಿ, ವಾಘೆಯನ್ನು ಅವನ ಕೈಯಲ್ಲಿಯೇ ಉಳಿಸಿದನು. ಪರೀಕ್ಷೆಯ ಮುಂಜಾನೆ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ಅಸಾಮರ್ಥ್ಯದ ಗುರುತಲ್ಲ. ದೊಡ್ಡ ಕಾರ್ಯಕ್ಕೆ ದೇಹವು ಸಿದ್ಧವಾಗುವ ರೀತಿಯೂ ಅದೇ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿದರೆ ಅರ್ಧ ಭಯ ಕಳೆಯುತ್ತದೆ. ನಿದ್ದೆಗೆಟ್ಟು ಓದಿಸಿ ಕಳುಹಿಸಿದರೆ ದಣಿವನ್ನೇ ಅವರು ದಡ್ಡತನವೆಂದು ಭ್ರಮಿಸುತ್ತಾರೆ.

ಈ ನಾಲ್ಕು ಮೂಲಗಳೂ ಬತ್ತಿಹೋಗುವುದು ಒಂದೇ ಮಾತಿನಿಂದ: ‘ನಿನಗೆ ಆಗುವುದಿಲ್ಲ, ಕೊಡು ಇಲ್ಲಿ.’ ಈ ಮಾತನ್ನು ಆಡುವವರು ವೈರಿಗಳಲ್ಲ, ಪ್ರೀತಿಯುಳ್ಳವರೇ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಮನೆಗಳಲ್ಲಿ ಸಮಯವು ಯಾವಾಗಲೂ ಕಡಿಮೆಯೇ. ಮಗು ತಾನೇ ಬೂಟಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ ಶಾಲೆಯ ಬಸ್ಸು ಹೊರಟುಹೋಗುತ್ತದೆ. ಆದ್ದರಿಂದ ತಾಯಿಯೇ ಕಟ್ಟುತ್ತಾಳೆ. ಊರಿನಿಂದ ಬಂದ ಅಜ್ಜಿಯು ಮೊಬೈಲಿನಲ್ಲಿ ಮಗಳನ್ನು ಕರೆಯುವುದನ್ನು ಕಲಿಯಬೇಕೆನ್ನುತ್ತಾಳೆ. ಮೊಮ್ಮಗನು ಫೋನನ್ನು ಕಸಿದುಕೊಂಡು ತಾನೇ ಒತ್ತಿಕೊಡುತ್ತಾನೆ. ಕರೆಯು ಹೋಗುತ್ತದೆ, ಆದರೆ ಅಜ್ಜಿಯ ಪಾಲಿಗೆ ಅದು ಇನ್ನೊಂದು ಸೋಲು. ಹೊರನಾಡಿನಲ್ಲಿ ಬೆಳೆದ ಮಗುವು ಎಡವುತ್ತ ಕನ್ನಡದಲ್ಲಿ ಒಂದು ಮಾತನಾಡಿದಾಗ ಊರಿನ ನೆಂಟರು ನಗುತ್ತಾರೆ. ಆ ನಗೆಯಲ್ಲಿ ಕೆಡುಕಿಲ್ಲ. ಆದರೂ ಅಂದಿನಿಂದ ಆ ಮಗು ಕನ್ನಡದ ಪ್ರಶ್ನೆಗೂ ಇಂಗ್ಲಿಷಿನಲ್ಲಿಯೇ ಉತ್ತರಿಸುತ್ತದೆ. ತನಗೆ ಕನ್ನಡ ಬಾರದೆಂದು ಅದು ತೀರ್ಮಾನಿಸಿಬಿಟ್ಟಿರುತ್ತದೆ. ಒಂದು ಭಾಷೆಯು ಒಂದು ಮನೆಯಿಂದ ಹೊರಟುಹೋಗಲು ಇಷ್ಟೇ ಸಾಕು. ಅದನ್ನು ಮರಳಿ ಕರೆತರಲು ಭಾಷಣಗಳು ಬೇಡ. ದಿನವೂ ಅಜ್ಜಿಯೊಡನೆ ಕನ್ನಡದಲ್ಲಿ ನಾಲ್ಕು ಮಾತು, ವಾರಕ್ಕೊಂದು ದಾಸರ ಪದದ ಒಂದು ನುಡಿ, ತಪ್ಪಿದರೆ ನಗದೆ ತಿದ್ದುವ ಹಿರಿಯರು ಇದ್ದರೆ ಸಾಕು.

ಸ್ವಸಾಮರ್ಥ್ಯದ ನಂಬಿಕೆಯೊಂದಿದ್ದರೆ ಎಲ್ಲವೂ ಕೈಗೂಡುತ್ತದೆಂದು ಸಾರುವ ಪುಸ್ತಕಗಳು ಅಂಗಡಿಗಳಲ್ಲಿ ಹೇರಳವಾಗಿವೆ. ಅದು ಸತ್ಯಕ್ಕೆ ದೂರ. ತನ್ನ ಬಗೆಗಿನ ಹೆಮ್ಮೆಯನ್ನು ಹೆಚ್ಚಿಸಿದ ಮಾತ್ರಕ್ಕೆ ವಿದ್ಯೆಯು ಹೆಚ್ಚುವುದಿಲ್ಲವೆಂದು 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ನಡೆಸಿದ ವಿಸ್ತೃತ ಸಮೀಕ್ಷೆಯು ತೋರಿಸಿತು. ಅತಿಯಾದ ಭರವಸೆಯಿಂದ ಎಚ್ಚರ ತಪ್ಪಿ, ಮುಂದಿನ ಪ್ರಯತ್ನದಲ್ಲಿ ತಪ್ಪುಗಳು ಹೆಚ್ಚಬಹುದೆಂದು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ತಿಳಿಸಿತು. ಬಡತನ, ಅನಾರೋಗ್ಯ, ಅವಕಾಶಗಳ ಅಭಾವ ಇವೂ ನಿಜವಾದ ಅಡ್ಡಿಗಳೇ. ಅವುಗಳಿಗೆ ಸಿಲುಕಿದವರನ್ನು ಆತ್ಮವಿಶ್ವಾಸವಿಲ್ಲದವರೆಂದು ಹಳಿಯುವುದು ಅನ್ಯಾಯ. ಅಭ್ಯಾಸಕ್ಕೆ ಬದಲಾಗಿ ನಿಲ್ಲುವ ಶಕ್ತಿ ನಂಬಿಕೆಗಿಲ್ಲ. ಅಭ್ಯಾಸವನ್ನು ಅರ್ಧಕ್ಕೆ ಬಿಡದಂತೆ ಕಾಯುವ ಶಕ್ತಿ ಮಾತ್ರ ಅದಕ್ಕಿದೆ.

ಆಸ್ತಿಕರ ಮನಸ್ಸಿನಲ್ಲಿ ಇನ್ನೊಂದು ಶಂಕೆಯೂ ಏಳಬಹುದು. ಸಕಲವೂ ಶ್ರೀಹರಿಯ ಅಧೀನವಾಗಿರುವಾಗ ತನ್ನ ಸಾಮರ್ಥ್ಯವನ್ನು ನಂಬುವುದು ಅಹಂಕಾರವಲ್ಲವೇ? ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವವು ವಿಚಾರಿತವಾಗಿದೆ. ಜೀವನಿಗೆ ಕರ್ತೃತ್ವವು ಸತ್ಯವಾಗಿಯೇ ಇದೆ, ಆದರೆ ಅದು ಸ್ವತಂತ್ರವಲ್ಲ, ಭಗವದಧೀನ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಕರ್ತೃತ್ವವೇ ಇಲ್ಲವೆಂದರೆ ಶಾಸ್ತ್ರದ ವಿಧಿ ನಿಷೇಧಗಳಿಗೆ ಅರ್ಥವಿರದು. ಅದು ಸ್ವತಂತ್ರವೆಂದರೆ ಅಹಂಕಾರ. ನನ್ನಿಂದಲೇ ಎಲ್ಲವೂ ಎಂಬ ಗರ್ವಕ್ಕೂ ನನ್ನಿಂದ ಏನೂ ಆಗದೆಂಬ ಆಲಸ್ಯಕ್ಕೂ ಇಲ್ಲಿ ಎಡೆಯಿಲ್ಲ. ಅಂತಃಪುರದ ಉತ್ತರನು ಮೊದಲನೆಯ ತಪ್ಪನ್ನು ಮಾಡಿದನು. ರಣರಂಗದಿಂದ ಓಡಿದ ಉತ್ತರನು ಎರಡನೆಯ ತಪ್ಪನ್ನು ಮಾಡಿದನು. ವಾಘೆ ಹಿಡಿದ ಉತ್ತರನು ಎರಡನ್ನೂ ದಾಟಿದನು.

ಅದಕ್ಕೆ ಸಾಕ್ಷಿಯು ಕಥೆಯ ಕೊನೆಯಲ್ಲಿದೆ. ಗೋವುಗಳನ್ನು ಮರಳಿ ಪಡೆದು ಹಿಂದಿರುಗುವಾಗ, ಈ ಜಯವು ನಿನ್ನದೆಂದೇ ನಗರದಲ್ಲಿ ತಿಳಿಸೆಂದು ಅರ್ಜುನನು ಉತ್ತರನಿಗೆ ಸೂಚಿಸಿದನು. ಇಂಥ ಕಾರ್ಯವನ್ನು ಮಾಡುವ ಶಕ್ತಿ ತನಗಿಲ್ಲವೆಂದು ಉತ್ತರನು ಒಪ್ಪಿಕೊಂಡನು. ಆದರೂ ಅರ್ಜುನನ ಗುಟ್ಟನ್ನು ಕಾಯುವೆನೆಂದನು. ಮಗನು ಕೌರವರನ್ನು ಗೆದ್ದನೆಂಬ ಸಂಭ್ರಮದಲ್ಲಿದ್ದ ತಂದೆಯ ಮುಂದೆ ನಿಂತು, ಗೆದ್ದವನು ತಾನಲ್ಲ, ದೇವಪುತ್ರನೊಬ್ಬನು ಎಂದು ತಿಳಿಸಿದನು. ಯುದ್ಧಕ್ಕೆ ಮೊದಲು ಮಾಡದ ಸಾಹಸವನ್ನು ಕೊಚ್ಚಿಕೊಂಡವನು, ಯುದ್ಧದ ಅನಂತರ ಸುಲಭವಾಗಿ ದೊರೆಯಬಹುದಾಗಿದ್ದ ಕೀರ್ತಿಯನ್ನು ಕೈಬಿಟ್ಟನು. ತನ್ನ ಕೈಯಳತೆಯನ್ನು ಕೆಲಸದಿಂದ ಅರಿತವನಿಗೆ ಬಡಾಯಿಯ ಅಗತ್ಯವಿರುವುದಿಲ್ಲ. ನಿಜವಾದ ಆತ್ಮವಿಶ್ವಾಸದ ಗುರುತು ಏರಿದ ಧ್ವನಿಯಲ್ಲ, ಈ ಸತ್ಯವಾಕ್ಯ.

ಬಂಧುಗಳೇ, ಈ ಉತ್ಸವವನ್ನು ಮುಗಿಸಿ ಮನೆಗೆ ಮರಳಿದ ಮೇಲೆ ಪ್ರತಿಯೊಬ್ಬ ಹಿರಿಯರೂ ಒಂದು ಕೆಲಸವನ್ನು ಮಾಡಬಹುದು. ಮನೆಯಲ್ಲಿ ಯಾರ ಕೈಯಿಂದ ಯಾವ ವಾಘೆಯನ್ನು ಕಸಿದುಕೊಂಡಿದ್ದೇವೆ ಎಂದು ಯೋಚಿಸಿ, ಅದನ್ನು ಹಿಂದಿರುಗಿಸಬಹುದು. ಮಗಳಿಗೆ ಬ್ಯಾಂಕಿನ ಅರ್ಜಿಯೊಂದನ್ನು ತುಂಬಲು ಬಿಡಬಹುದು. ಸೊಸೆಗೆ ಹಬ್ಬದ ಒಂದು ಭಕ್ಷ್ಯದ ಹೊಣೆಯನ್ನು ಪೂರ್ಣವಾಗಿ ಒಪ್ಪಿಸಬಹುದು. ಅಜ್ಜಿಗೆ ಫೋನನ್ನು ಕೈಯಲ್ಲಿಯೇ ಬಿಟ್ಟು, ಪಕ್ಕದಲ್ಲಿ ಕುಳಿತು, ಮೂರು ಸಲ ತಪ್ಪಿದರೂ ಕಾಯಬಹುದು. ಬಿಲ್ಲು ಅರ್ಜುನನ ಕೈಯಲ್ಲಿಯೇ ಇರಲಿ. ಆದರೆ ವಾಘೆಯು ಉತ್ತರನ ಕೈಯಲ್ಲಿರಲಿ. ಒಲೆಯ ಮುಂದಿನ ಪೌರುಷವು ರಥದ ಮೇಲಿನ ಪೌರುಷವಾಗಲು ಬೇರೆ ದಾರಿಯಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥